ಗಾಲ್ಫ್ ಪಂದ್ಯಾವಳಿಗಳ ಸ್ಪ್ರೆಡ್ ಬೆಟ್ಟಿಂಗ್

ಗಾಲ್ಫ್ ಪಂದ್ಯಾವಳಿಗಳ ಸ್ಪ್ರೆಡ್ ಬೆಟ್ಟಿಂಗ್ ಎಂಬುದು ವೃತ್ತಿಪರ ಗಾಲ್ಫ್ ಪಂದ್ಯಾವಳಿಯೊಂದರಲ್ಲಿ ಆಟಗಾರನು ಪಡೆಯುವ ಸ್ಥಾನ, ತೆಗೆದುಕೊಳ್ಳುವ ಹೊಡೆತಗಳ ಸಂಖ್ಯೆ, ಗೆಲುವಿನ ಅಂತರ ಮುಂತಾದ ಯಾವುದಾದರೊಂದು ಅಂಕಿಯ ಮೇಲೆ ಕಟ್ಟುವ ಬಾಜಿಯ ಒಂದು ವಿಧವಾಗಿದೆ. ಸಾಮಾನ್ಯ ಬಾಜಿಯಲ್ಲಿ ಗೆದ್ದರೆ ಬರುವುದೆಷ್ಟು, ಸೋತರೆ ಹೋಗುವುದೆಷ್ಟು ಎಂಬುದು ಹಣ ಕಟ್ಟುವಾಗಲೇ ತಿಳಿದಿರುತ್ತದೆ. ಸ್ಪ್ರೆಡ್ ಬೆಟ್ಟಿಂಗ್‌ನಲ್ಲಿ ಹಾಗಲ್ಲ. ಊಹೆ ಎಷ್ಟು ಸರಿಯಾಯಿತೋ ಅಷ್ಟು ಲಾಭ, ಎಷ್ಟು ತಪ್ಪಾಯಿತೋ ಅಷ್ಟು ನಷ್ಟ. ಆದ್ದರಿಂದ ಮೊದಲು ಠೇವಣಿಯಾಗಿ ಇಟ್ಟ ಹಣಕ್ಕಿಂತ ಹೆಚ್ಚಿನ ಮೊತ್ತವನ್ನು ಕಳೆದುಕೊಳ್ಳುವ ಸಾಧ್ಯತೆ ಇದರಲ್ಲಿ ಇದೆ.

ಈ ಪದ್ಧತಿಯು ಬ್ರಿಟನ್‌ನಲ್ಲಿ ಬೆಳೆದದ್ದು, ಅಲ್ಲಿ ಕಾನೂನುಬದ್ಧವೂ ಹೌದು. ಭಾರತದಲ್ಲಿ ಇದಕ್ಕೆ ಕಾನೂನಿನ ಮಾನ್ಯತೆ ಇಲ್ಲ. ಆದರೂ ಕನ್ನಡದ ಓದುಗರಿಗೆ ಇದರ ಲೆಕ್ಕ ಪೂರ್ತಿ ಅಪರಿಚಿತವೇನಲ್ಲ. ಹಾಸನ ಜಿಲ್ಲೆಯ ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಕಾಫಿ ಬೆಳೆಗಾರರು ದಿನವೂ ವಿಚಾರಿಸುವ ನ್ಯೂಯಾರ್ಕ್ ಮತ್ತು ಲಂಡನ್ ವಾಯಿದೆ ಬೆಲೆಗಳಲ್ಲಿಯೂ ಇದೇ ಬಗೆಯ ಅಂತರದ ಲೆಕ್ಕವಿದೆ. ಎರಡಕ್ಕೂ ಇರುವ ಹೋಲಿಕೆ ಮತ್ತು ವ್ಯತ್ಯಾಸವನ್ನು ಮುಂದೆ ವಿವರಿಸಲಾಗಿದೆ.

ಗಾಲ್ಫ್ ಪಂದ್ಯಾವಳಿಯ ಸ್ವರೂಪ

ವೃತ್ತಿಪರ ಗಾಲ್ಫ್ ಪಂದ್ಯಾವಳಿಯು ಸಾಮಾನ್ಯವಾಗಿ ನಾಲ್ಕು ದಿನಗಳ ಕಾಲ ನಡೆಯುತ್ತದೆ. ದಿನಕ್ಕೆ 18 ಕುಳಿಗಳ ಒಂದು ಸುತ್ತು. ಒಟ್ಟು 72 ಕುಳಿಗಳು. ಅತ್ಯಂತ ಕಡಿಮೆ ಹೊಡೆತಗಳಲ್ಲಿ ಮುಗಿಸಿದವನು ವಿಜೇತ. ಬಹುತೇಕ ಪಂದ್ಯಾವಳಿಗಳಲ್ಲಿ ಎರಡು ಸುತ್ತುಗಳ ನಂತರ ಸುಮಾರು ಅರ್ಧದಷ್ಟು ಆಟಗಾರರನ್ನು ಕೈಬಿಡಲಾಗುತ್ತದೆ. ಇದಕ್ಕೆ ಕಟ್ ಎಂದು ಹೆಸರು. ಒಂದು ಕುಳಿಗೆ ಅಥವಾ ಸುತ್ತಿಗೆ ನಿಗದಿಪಡಿಸಿದ ಹೊಡೆತಗಳ ಸಂಖ್ಯೆಯನ್ನು ಪಾರ್ ಎನ್ನುತ್ತಾರೆ. ಪಾರ್‌ಗಿಂತ ಒಂದು ಹೊಡೆತ ಕಡಿಮೆಯಾದರೆ ಬರ್ಡಿ.

ಕ್ರಿಕೆಟ್ ಅಥವಾ ಕಬಡ್ಡಿಯಂತೆ ಇಲ್ಲಿ ಎರಡೇ ಪಕ್ಷಗಳಿಲ್ಲ. ನೂರಕ್ಕೂ ಹೆಚ್ಚು ಮಂದಿ ಒಂದೇ ಮೈದಾನದಲ್ಲಿ ತಮ್ಮ ತಮ್ಮ ಆಟವನ್ನು ಆಡುತ್ತಾರೆ, ಪ್ರತಿಯೊಬ್ಬರಿಗೂ ಒಂದು ಸ್ಥಾನ, ಒಂದು ಮೊತ್ತ, ಹಲವಾರು ಉಪಸಂಖ್ಯೆಗಳು ದೊರೆಯುತ್ತವೆ. ಗೆದ್ದವನೊಬ್ಬನನ್ನು ಬಿಟ್ಟರೆ ಉಳಿದವರೆಲ್ಲರೂ ಸೋತವರು ಎಂದು ಹೇಳಿದರೆ ಈ ಆಟದ ವಿವರ ಏನೂ ತಿಳಿಯುವುದಿಲ್ಲ. ಸಂಖ್ಯೆಗಳ ಮೇಲೆ ನಿಂತಿರುವ ಬಾಜಿ ಪದ್ಧತಿಯು ಗಾಲ್ಫ್‌ಗೆ ಅಷ್ಟು ಸುಲಭವಾಗಿ ಹೊಂದಿಕೊಂಡದ್ದು ಇದೇ ಕಾರಣಕ್ಕೆ.

ಕರ್ನಾಟಕದಲ್ಲಿ ಈ ಆಟಕ್ಕೆ ಹಳೆಯ ಇತಿಹಾಸವಿದೆ. ಬೆಂಗಳೂರು ಗಾಲ್ಫ್ ಕ್ಲಬ್ 1876ರಲ್ಲಿ ಸ್ಥಾಪನೆಯಾಯಿತು. ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ನ ಮೈದಾನದಲ್ಲಿ 2012ರ ಇಂಡಿಯನ್ ಓಪನ್ ಪಂದ್ಯಾವಳಿ ನಡೆದು ಥಾಯ್ಲೆಂಡ್‌ನ ಥಾವೊರ್ನ್ ವಿರಾಚಂಟ್ ಗೆದ್ದರು. ಸಕಲೇಶಪುರ, ಆಲೂರಿನ ಗುಡ್ಡಗಳಲ್ಲಿ ಇಂತಹ ಪಂದ್ಯಾವಳಿ ನಡೆಯುವ ಮೈದಾನವಿಲ್ಲ. ಅಲ್ಲಿಗೆ ವೃತ್ತಿಪರ ಗಾಲ್ಫ್ ತಲುಪುವುದು ದೂರದರ್ಶನ ಮತ್ತು ಮೊಬೈಲ್ ಮೂಲಕ. ಅದರ ಬೆನ್ನ ಹಿಂದೆಯೇ ಬಾಜಿಯ ಜಾಹೀರಾತುಗಳೂ ಬರುತ್ತವೆ.

ಬಾಜಿಯ ಕ್ರಮ

ಬಾಜಿ ಸಂಸ್ಥೆಯು ಪ್ರತಿಯೊಂದು ವಿಷಯಕ್ಕೂ ಎರಡು ಅಂಕಿಗಳನ್ನು ಪ್ರಕಟಿಸುತ್ತದೆ. ಕೆಳಗಿನದು ಮಾರುವ ದರ, ಮೇಲಿನದು ಕೊಳ್ಳುವ ದರ. ಇವೆರಡರ ನಡುವಿನ ಅಂತರವೇ ಸ್ಪ್ರೆಡ್. ಅಂತಿಮ ಅಂಕಿಯು ಮೇಲಿನ ದರಕ್ಕಿಂತ ಹೆಚ್ಚಾಗುತ್ತದೆ ಎಂದು ಭಾವಿಸುವವನು ಕೊಳ್ಳುತ್ತಾನೆ. ಕೆಳಗಿನ ದರಕ್ಕಿಂತ ಕಡಿಮೆಯಾಗುತ್ತದೆ ಎಂದು ಭಾವಿಸುವವನು ಮಾರುತ್ತಾನೆ. ಒಂದು ಅಂಕಕ್ಕೆ ಎಷ್ಟು ಹಣ ಎಂಬುದನ್ನು ಅವನೇ ನಿರ್ಧರಿಸುತ್ತಾನೆ. ಅಂತಿಮ ಅಂಕಿಗೂ ಅವನು ಹಿಡಿದ ದರಕ್ಕೂ ಇರುವ ವ್ಯತ್ಯಾಸವನ್ನು ಆ ಹಣದಿಂದ ಗುಣಿಸಿದರೆ ಲಾಭ ಅಥವಾ ನಷ್ಟ ಸಿಗುತ್ತದೆ. ಇಲ್ಲಿ ಕೊಳ್ಳುವುದು, ಮಾರುವುದು ಎಂಬ ಮಾತುಗಳು ಬರಿಯ ಹೆಸರಿಗೆ ಮಾತ್ರ. ಯಾವ ವಸ್ತುವೂ ಕೈಬದಲಾಗುವುದಿಲ್ಲ.

ನಿಜವಾದ ಫಲಿತಾಂಶವೊಂದನ್ನು ತೆಗೆದುಕೊಂಡು ನೋಡಬಹುದು. 2021ರ ಆಗಸ್ಟ್‌ನಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ ಮಹಿಳಾ ಗಾಲ್ಫ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ 269 ಹೊಡೆತಗಳೊಂದಿಗೆ ನಾಲ್ಕನೆಯ ಸ್ಥಾನ ಪಡೆದರು. ಪದಕವು ಒಂದೇ ಒಂದು ಹೊಡೆತದಿಂದ ತಪ್ಪಿತು. ಪಂದ್ಯಾವಳಿಯ ಆರಂಭಕ್ಕೆ ಮೊದಲು ಅವರ ಅಂತಿಮ ಸ್ಥಾನಕ್ಕೆ 28–31 ಎಂಬ ದರವಿತ್ತು ಎಂದು ಉದಾಹರಣೆಗಾಗಿ ಊಹಿಸಿಕೊಳ್ಳೋಣ. ಸ್ಥಾನದ ಅಂಕಿ ಕಡಿಮೆಯಾದಷ್ಟೂ ಆಟ ಉತ್ತಮವಾದ್ದರಿಂದ, ಅವರು ಚೆನ್ನಾಗಿ ಆಡುತ್ತಾರೆಂದು ನಂಬಿದವನು ಇಲ್ಲಿ ಮಾರಬೇಕು. ಹೊಸಬರು ಎಡವುವುದು ಮೊದಲು ಇಲ್ಲಿಯೇ. ಅಂಕಕ್ಕೆ 100 ರೂಪಾಯಿಯಂತೆ 28ಕ್ಕೆ ಮಾರಿದವನಿಗೆ 28ರಿಂದ 4 ಕಳೆದು ಉಳಿದ 24 ಅಂಕ, ಅಂದರೆ 2,400 ರೂಪಾಯಿ ಲಾಭ. ಅದೇ ದರದಲ್ಲಿ 31ಕ್ಕೆ ಕೊಂಡವನಿಗೆ 27 ಅಂಕ, ಅಂದರೆ 2,700 ರೂಪಾಯಿ ನಷ್ಟ. ಒಂದು ವೇಳೆ ಅವರು 50ನೆಯ ಸ್ಥಾನದಲ್ಲಿ ಮುಗಿಸಿದ್ದರೆ ಮಾರಿದವನು 22 ಅಂಕ ಕಳೆದುಕೊಂಡು 2,200 ರೂಪಾಯಿ ತೆರಬೇಕಾಗುತ್ತಿತ್ತು, ಕೊಂಡವನು 19 ಅಂಕ ಗಳಿಸಿ 1,900 ರೂಪಾಯಿ ಪಡೆಯುತ್ತಿದ್ದನು.

ಈ ನಾಲ್ಕು ಮೊತ್ತಗಳನ್ನು ಜೋಡಿಸಿ ನೋಡಿದರೆ ಸಂಸ್ಥೆಯ ಆದಾಯ ಎಲ್ಲಿಂದ ಬರುತ್ತದೆ ಎಂಬುದು ಸ್ಪಷ್ಟವಾಗುತ್ತದೆ. ನಾಲ್ಕನೆಯ ಸ್ಥಾನ ಬಂದಾಗ ಸಂಸ್ಥೆ 2,700 ಪಡೆದು 2,400 ಕೊಡುತ್ತದೆ. ಐವತ್ತನೆಯ ಸ್ಥಾನ ಬಂದರೆ 2,200 ಪಡೆದು 1,900 ಕೊಡುತ್ತದೆ. ಎರಡು ಸಂದರ್ಭಗಳಲ್ಲಿಯೂ ಉಳಿಯುವುದು 300 ರೂಪಾಯಿ. 28ಕ್ಕೂ 31ಕ್ಕೂ ನಡುವೆ ಇರುವ ಮೂರು ಅಂಕಗಳ ಬೆಲೆ ಅದು. ಮಾರುವವರೂ ಕೊಳ್ಳುವವರೂ ಸಮನಾಗಿದ್ದರೆ ಅದಿತಿ ಗೆದ್ದರೂ ಸೋತರೂ ಸಂಸ್ಥೆಗೆ ಚಿಂತೆಯಿಲ್ಲ. ಒಂದು ಕಡೆ ಭಾರ ಹೆಚ್ಚಾದಾಗ ದರವನ್ನು ಮೇಲಕ್ಕೋ ಕೆಳಕ್ಕೋ ಸರಿಸಿ ಸಮತೋಲನ ತರಲಾಗುತ್ತದೆ. ಬಾಜಿ ಕಟ್ಟುವವನಾದರೋ ಪ್ರತಿ ಬಾರಿಯೂ ಒಂದೂವರೆ ಅಂಕದಷ್ಟು ಹಿಂದಿನಿಂದಲೇ ಓಟ ಆರಂಭಿಸಿರುತ್ತಾನೆ.

ಪಂದ್ಯಾವಳಿ ನಡೆಯುತ್ತಿರುವಾಗಲೇ ದರವು ಬದಲಾಗುತ್ತಿರುತ್ತದೆ. ಟೋಕಿಯೊದಲ್ಲಿ ಮೂರನೆಯ ಸುತ್ತು ಮುಗಿದಾಗ ಅದಿತಿ ಎರಡನೆಯ ಸ್ಥಾನದಲ್ಲಿದ್ದರು. ಆಗ ದರವು 4–6ಕ್ಕೆ ಇಳಿದಿತ್ತು ಎಂದುಕೊಂಡರೆ, 28ಕ್ಕೆ ಮಾರಿದ್ದವನು 6ಕ್ಕೆ ಕೊಂಡು 22 ಅಂಕಗಳ ಲಾಭವನ್ನು ಅಲ್ಲಿಯೇ ಖಚಿತಪಡಿಸಿಕೊಳ್ಳಬಹುದಿತ್ತು. ಹೀಗೆ ನಡುವೆಯೇ ಲೆಕ್ಕ ಮುಗಿಸುವ ಸೌಲಭ್ಯವನ್ನು ಸಂಸ್ಥೆಗಳು ದೊಡ್ಡ ಅನುಕೂಲವೆಂದು ಹೇಳಿಕೊಳ್ಳುತ್ತವೆ. ಆದರೆ ಪ್ರತಿ ಸಲ ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಅಂತರದ ಸುಂಕವನ್ನು ತೆರಬೇಕಾಗುತ್ತದೆ ಎಂಬುದನ್ನು ಮರೆಯಬಾರದು.

ಬಾಜಿಯ ವಿಧಗಳು

ಅಂತಿಮ ಸ್ಥಾನದ ಬಾಜಿಯೇ ಹೆಚ್ಚು ಪ್ರಚಲಿತವಾದುದು. ಇದರಲ್ಲಿ ಸಾಮಾನ್ಯವಾಗಿ ಒಂದು ಗರಿಷ್ಠ ಮಿತಿ ಇರುತ್ತದೆ. ಮಿತಿಯನ್ನು 50 ಎಂದಿಟ್ಟರೆ, ಕಟ್‌ನಲ್ಲಿ ಹೊರಬಿದ್ದವನ ಸ್ಥಾನವನ್ನೂ 50 ಎಂದೇ ಎಣಿಸಲಾಗುತ್ತದೆ. ಹಲವರು ಒಂದೇ ಸ್ಥಾನ ಹಂಚಿಕೊಂಡಾಗ ಏನು ಮಾಡಬೇಕೆಂಬುದನ್ನು ಆಯಾ ಸಂಸ್ಥೆಯ ನಿಯಮ ತಿಳಿಸುತ್ತದೆ.

ಇಬ್ಬರು ಆಟಗಾರರ ಒಟ್ಟು ಹೊಡೆತಗಳ ವ್ಯತ್ಯಾಸದ ಮೇಲೆ ಕಟ್ಟುವುದು ಮತ್ತೊಂದು ವಿಧ. 2022ರ ಮಾರ್ಚ್‌ನಲ್ಲಿ ಅಮೆರಿಕದ ಸಾಗ್ರಾಸ್‌ನಲ್ಲಿ ನಡೆದ ಪ್ಲೇಯರ್ಸ್ ಚಾಂಪಿಯನ್‌ಷಿಪ್‌ನಲ್ಲಿ ಆಸ್ಟ್ರೇಲಿಯದ ಕ್ಯಾಮರಾನ್ ಸ್ಮಿತ್ 275 ಹೊಡೆತಗಳಲ್ಲಿ ಗೆದ್ದರೆ, ಬೆಂಗಳೂರಿನಲ್ಲಿ ಬಹುಕಾಲ ಅಭ್ಯಾಸ ಮಾಡಿದ ಅನಿರ್ಬನ್ ಲಾಹಿರಿ 276 ಹೊಡೆತಗಳೊಂದಿಗೆ ಎರಡನೆಯವರಾದರು. ಸ್ಮಿತ್ ಅವರು ಲಾಹಿರಿಯವರನ್ನು 5–8 ಹೊಡೆತಗಳಿಂದ ಹಿಂದಿಕ್ಕುತ್ತಾರೆ ಎಂಬ ದರವಿತ್ತೆಂದು ಭಾವಿಸಿದರೆ, ಸ್ಮಿತ್ ಮೇಲೆ ಭರವಸೆ ಇಟ್ಟು 8ಕ್ಕೆ ಕೊಂಡವನು ಏಳು ಅಂಕ ಕಳೆದುಕೊಳ್ಳುತ್ತಿದ್ದನು. ಅವನು ನೆಚ್ಚಿದ ಆಟಗಾರ ಪ್ರಶಸ್ತಿಯನ್ನೇ ಗೆದ್ದರೂ ಅವನಿಗೆ ನಷ್ಟ. ಇಲ್ಲಿ ಗೆಲುವು ಮುಖ್ಯವಲ್ಲ, ಅಂತರ ಮುಖ್ಯ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇವಲ್ಲದೆ ಸೂಚ್ಯಂಕ ಬಾಜಿ ಎಂಬುದಿದೆ: ವಿಜೇತನಿಗೆ ಇಷ್ಟು, ಎರಡನೆಯವನಿಗೆ ಇಷ್ಟು ಎಂದು ಅಂಕಗಳನ್ನು ನಿಗದಿಪಡಿಸಿ, ಮೊದಲ ಕೆಲವು ಸ್ಥಾನಗಳ ಹೊರಗೆ ಉಳಿದವರಿಗೆ ಸೊನ್ನೆ ಕೊಡಲಾಗುತ್ತದೆ. ಬರ್ಡಿಗಳ ಸಂಖ್ಯೆ, ವಿಜೇತನ ಒಟ್ಟು ಹೊಡೆತ, ಗೆಲುವಿನ ಅಂತರ ಇವುಗಳ ಮೇಲೆಯೂ ಬಾಜಿ ನಡೆಯುತ್ತದೆ.

ಭಾರತದಲ್ಲಿ ಗುಟ್ಟಾಗಿ ನಡೆಯುವ ಕ್ರಿಕೆಟ್ ಸೆಷನ್ ದಂಧೆಯಲ್ಲಿಯೂ ಇಷ್ಟು ಓವರುಗಳಿಗೆ 45–47 ರನ್ ಎಂಬಂತೆ ಎರಡು ಅಂಕಿ ಹೇಳುವ ರೂಢಿಯಿರುವುದರಿಂದ ಕೆಲವರು ಎರಡನ್ನೂ ಒಂದೇ ಎಂದು ತಿಳಿಯುತ್ತಾರೆ. ಸೆಷನ್‌ನಲ್ಲಿ ಒಂದು ರನ್‌ನಿಂದ ಸೋತರೂ ಇಪ್ಪತ್ತು ರನ್‌ನಿಂದ ಸೋತರೂ ಹೋಗುವ ಹಣ ಒಂದೇ. ಸ್ಪ್ರೆಡ್ ಬೆಟ್ಟಿಂಗ್‌ನಲ್ಲಿ ಎರಡನೆಯದು ಮೊದಲನೆಯದರ ಇಪ್ಪತ್ತು ಪಟ್ಟು.

ನಷ್ಟದ ಪ್ರಮಾಣ

ಗೆಲುವಿನ ಅಂತರದ ಬಾಜಿಯು ಇದರ ಅಪಾಯವನ್ನು ಚೆನ್ನಾಗಿ ತೋರಿಸುತ್ತದೆ. ದೊಡ್ಡ ಪಂದ್ಯಾವಳಿಗಳು ಹೆಚ್ಚಾಗಿ ಒಂದೆರಡು ಹೊಡೆತಗಳಲ್ಲಿ ಅಥವಾ ಸಮಬಲವಾಗಿ ಹೆಚ್ಚುವರಿ ಕುಳಿಗಳಲ್ಲಿ ತೀರ್ಮಾನವಾಗುತ್ತವೆ. ಆದ್ದರಿಂದ ಈ ಅಂತರವನ್ನು 2ರ ಆಸುಪಾಸಿನಲ್ಲಿ ಮಾರುವುದು ಬುದ್ಧಿವಂತಿಕೆಯಂತೆ ಕಾಣುತ್ತದೆ. ಹಲವು ಸಲ ಒಂದೋ ಎರಡೋ ಅಂಕ ಕೈಗೆ ಬರಬಹುದು. ಆದರೆ 2000ದ ಜೂನ್‌ನಲ್ಲಿ ಪೆಬಲ್ ಬೀಚ್‌ನಲ್ಲಿ ನಡೆದ ಯು.ಎಸ್. ಓಪನ್‌ನಲ್ಲಿ ಟೈಗರ್ ವುಡ್ಸ್ 15 ಹೊಡೆತಗಳ ಅಂತರದಿಂದ ಗೆದ್ದರು. 1997ರ ಮಾಸ್ಟರ್ಸ್‌ನಲ್ಲಿ ಅವರದೇ ಅಂತರ 12 ಆಗಿತ್ತು. ಅಂಕಕ್ಕೆ 1,000 ರೂಪಾಯಿಯ ಲೆಕ್ಕದಲ್ಲಿ 2ಕ್ಕೆ ಮಾರಿದ್ದವನು ಪೆಬಲ್ ಬೀಚ್‌ನ ಒಂದೇ ವಾರದಲ್ಲಿ 13,000 ರೂಪಾಯಿ ತೆರಬೇಕಾಗುತ್ತಿತ್ತು. ಅವನಿಗೆ ಬರಬಹುದಾಗಿದ್ದ ಗರಿಷ್ಠ ಲಾಭವೆಂದರೆ 2,000. ವರ್ಷವಿಡೀ ಚಿಲ್ಲರೆಯಾಗಿ ಕೂಡಿಟ್ಟದ್ದು ಒಂದು ವಾರದಲ್ಲಿ ಇಡಿಗಂಟಾಗಿ ಹೋಗುವುದು ಈ ಪದ್ಧತಿಯ ಸ್ವಭಾವವೇ ಆಗಿದೆ.

ಇದಕ್ಕೆ ಪ್ರತಿಯಾಗಿ ಸಾಮಾನ್ಯ ಬಾಜಿಯ ಸ್ವಭಾವವನ್ನೂ ನೋಡಬೇಕು. 1999ರ ಬ್ರಿಟಿಷ್ ಓಪನ್‌ನಲ್ಲಿ ಫ್ರಾನ್ಸಿನ ಜಾನ್ ವಾನ್ ದ ವೆಲ್ಡ್ ಕೊನೆಯ ಕುಳಿಗೆ ಬಂದಾಗ ಮೂರು ಹೊಡೆತ ಮುಂದಿದ್ದರು. ಆ ಒಂದು ಕುಳಿಗೆ ಏಳು ಹೊಡೆತ ತೆಗೆದುಕೊಂಡು, ಹೆಚ್ಚುವರಿ ಕುಳಿಗಳಲ್ಲಿ ಪಾಲ್ ಲಾರಿಗೆ ಸೋತರು. ವಾನ್ ದ ವೆಲ್ಡ್ ಗೆಲ್ಲುತ್ತಾರೆಂದು ಸಾಮಾನ್ಯ ಬಾಜಿ ಕಟ್ಟಿದ್ದವನಿಗೆ ಪೂರ್ತಿ ಮೊತ್ತ ಮುಳುಗಿತು. ಅವರ ಸ್ಥಾನವನ್ನು ನಲವತ್ತರ ಆಸುಪಾಸಿನಲ್ಲಿ ಮಾರಿದ್ದವನಿಗಾದರೆ ಹೆಚ್ಚೂಕಡಿಮೆ ಒಂದು ಅಂಕದ ವ್ಯತ್ಯಾಸವಾಗುತ್ತಿತ್ತು, ಅಷ್ಟೆ. ಒಂದು ಪದ್ಧತಿ ಬಂಡೆಯ ಅಂಚಿನಂತೆ, ಮತ್ತೊಂದು ಇಳಿಜಾರಿನಂತೆ. ಇಳಿಜಾರು ನೋಡಲು ಸೌಮ್ಯ. ಆದರೆ ಎಲ್ಲಿ ನಿಲ್ಲುತ್ತೇವೆ ಎಂಬುದು ಜಾರುವವನಿಗೆ ತಿಳಿದಿರುವುದಿಲ್ಲ.

ಇತಿಹಾಸ

ಅಂತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಬಾಜಿಯನ್ನು 1940ರ ದಶಕದ ಅಮೆರಿಕದಲ್ಲಿ ಜನಪ್ರಿಯಗೊಳಿಸಿದವರೆಂದು ಚಾರ್ಲ್ಸ್ ಮ್ಯಾಕ್‌ನೀಲ್ ಅವರನ್ನು ಹೆಸರಿಸಲಾಗುತ್ತದೆ. ಅವರು ಹಿಂದೆ ಗಣಿತದ ಉಪಾಧ್ಯಾಯರಾಗಿದ್ದವರು. ಆದರೆ ಅವರ ಪದ್ಧತಿಯಲ್ಲಿ ಗೆಲುವು ಸೋಲಿನ ಮೊತ್ತ ಸ್ಥಿರವಾಗಿತ್ತು.

ಇಂದಿನ ಅರ್ಥದ ಸ್ಪ್ರೆಡ್ ಬೆಟ್ಟಿಂಗ್ ಹುಟ್ಟಿದ್ದು ಆಟದ ಮೈದಾನದಲ್ಲಿ ಅಲ್ಲ, ಚಿನ್ನದ ಪೇಟೆಯಲ್ಲಿ. 1970ರ ದಶಕದಲ್ಲಿ ಬ್ರಿಟನ್‌ನ ವಿದೇಶಿ ವಿನಿಮಯ ನಿರ್ಬಂಧಗಳಿಂದಾಗಿ ಅಲ್ಲಿನ ಸಾಮಾನ್ಯ ಜನರಿಗೆ ಚಿನ್ನದ ವ್ಯವಹಾರ ಕಷ್ಟಸಾಧ್ಯವಾಗಿತ್ತು. 1974ರಲ್ಲಿ ಸ್ಟುವರ್ಟ್ ವೀಲರ್ ಎಂಬವರು ಐ.ಜಿ. ಇಂಡೆಕ್ಸ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಚಿನ್ನವನ್ನು ಕೊಳ್ಳದೆಯೇ ಅದರ ಬೆಲೆಯ ಏರಿಳಿತದ ಮೇಲೆ ಬಾಜಿ ಕಟ್ಟುವ ಅವಕಾಶ ಕಲ್ಪಿಸಿದರು. ಬಾಜಿಯ ಗಳಿಕೆಗೆ ಅಲ್ಲಿ ಬಂಡವಾಳ ಲಾಭದ ತೆರಿಗೆ ಇಲ್ಲದಿದ್ದುದು ಇದರ ಬೆಳವಣಿಗೆಗೆ ಸಹಾಯಕವಾಯಿತು. ಚಿನ್ನದಿಂದ ಷೇರು ಸೂಚ್ಯಂಕಕ್ಕೆ, ಅಲ್ಲಿಂದ ಕ್ರೀಡೆಗೆ ಈ ಪದ್ಧತಿ ಹರಡಿತು. ಕ್ರೀಡೆಗಾಗಿಯೇ ಮೀಸಲಾದ ಸ್ಪೋರ್ಟಿಂಗ್ ಇಂಡೆಕ್ಸ್ 1992ರಲ್ಲಿ ಲಂಡನ್‌ನಲ್ಲಿ ಆರಂಭವಾಯಿತು.

ಚಿನ್ನದ ಪೇಟೆಯಿಂದ ಬಂದದ್ದರ ಗುರುತು ಇಂದಿಗೂ ಉಳಿದಿದೆ. ಬ್ರಿಟನ್‌ನಲ್ಲಿ ಇತರ ಬಾಜಿಗಳು ಜೂಜು ಆಯೋಗದ ವ್ಯಾಪ್ತಿಯಲ್ಲಿದ್ದರೆ, ಸ್ಪ್ರೆಡ್ ಬೆಟ್ಟಿಂಗ್ ಮಾತ್ರ ಕ್ರೀಡೆಯದ್ದಾದರೂ ಹಣಕಾಸು ಮಾರುಕಟ್ಟೆಗಳನ್ನು ನೋಡಿಕೊಳ್ಳುವ ಫೈನಾನ್ಷಿಯಲ್ ಕಂಡಕ್ಟ್ ಅಥಾರಿಟಿಯ ಅಧೀನದಲ್ಲಿದೆ. ಇನ್ನೂ ಮಹತ್ವದ ಸಂಗತಿಯೆಂದರೆ ಸಾಲದ ವಸೂಲಿ. 1845ರ ಗೇಮಿಂಗ್ ಕಾಯ್ದೆಯ ಪ್ರಕಾರ ಬಾಜಿಯ ಹಣವನ್ನು ನ್ಯಾಯಾಲಯದ ಮೂಲಕ ಕೇಳುವಂತಿರಲಿಲ್ಲ. 1986ರ ಹಣಕಾಸು ಸೇವೆಗಳ ಕಾಯ್ದೆಯು ಇಂತಹ ಅಂತರದ ಒಪ್ಪಂದಗಳಿಗೆ ವಿನಾಯಿತಿ ನೀಡಿತು. ಸಿಟಿ ಇಂಡೆಕ್ಸ್ ಸಂಸ್ಥೆ ಹೂಡಿದ ಮೊಕದ್ದಮೆಯಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ 1990ರ ದಶಕದ ಆರಂಭದಲ್ಲಿ ಇದನ್ನು ಎತ್ತಿಹಿಡಿಯಿತು. ಅಂದಿನಿಂದ ಬ್ರಿಟನ್‌ನಲ್ಲಿ ಸ್ಪ್ರೆಡ್ ಬೆಟ್ಟಿಂಗ್‌ನ ನಷ್ಟವು ಬ್ಯಾಂಕಿನ ಸಾಲದಂತೆಯೇ ವಸೂಲಿಗೆ ಅರ್ಹವಾದ ಸಾಲವಾಗಿದೆ. ಆಟದಲ್ಲಿ ಸೋತೆನೆಂದು ಕೈಚೆಲ್ಲಿ ಕೂರುವಂತಿಲ್ಲ.

ಕಾಫಿ ವಾಯಿದೆ ವ್ಯಾಪಾರದೊಂದಿಗೆ ಹೋಲಿಕೆ

ಕೊಡಗು, ಚಿಕ್ಕಮಗಳೂರು ಮತ್ತು ಹಾಸನ ಕರ್ನಾಟಕದ ಮೂರು ಕಾಫಿ ಜಿಲ್ಲೆಗಳು. ಹಾಸನದ ಕಾಫಿಯಲ್ಲಿ ಸಕಲೇಶಪುರ, ಆಲೂರು ಭಾಗಗಳ ಪಾಲು ದೊಡ್ಡದು. 1942ರ ಕಾಫಿ ಕಾಯ್ದೆಯಡಿ ಬೆಳೆಗಾರನು ತನ್ನ ಬೆಳೆಯನ್ನು ಕಾಫಿ ಮಂಡಳಿಯ ಒಟ್ಟು ಸಂಗ್ರಹಕ್ಕೆ ಕೊಟ್ಟು, ಮಂಡಳಿ ಮಾರಿದ ಮೇಲೆ ಕಂತುಗಳಲ್ಲಿ ಹಣ ಪಡೆಯುತ್ತಿದ್ದನು. 1992ರಿಂದ 1996ರವರೆಗೆ ಹಂತಹಂತವಾಗಿ ಈ ವ್ಯವಸ್ಥೆ ಸಡಿಲಗೊಂಡು ಕೊನೆಗೆ ಬೆಳೆಗಾರನು ತನಗೆ ಬೇಕಾದವರಿಗೆ ಮಾರುವ ಸ್ವಾತಂತ್ರ್ಯ ಪಡೆದನು. ಅದರೊಂದಿಗೆ ವಿಶ್ವ ಮಾರುಕಟ್ಟೆಯ ಏರಿಳಿತವೂ ನೇರವಾಗಿ ತೋಟದ ಬಾಗಿಲಿಗೆ ಬಂದಿತು. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಬೆಲೆ ಗಗನಕ್ಕೇರಿತು; 2001ರಲ್ಲಿ ನ್ಯೂಯಾರ್ಕ್‌ನ ಅರೇಬಿಕಾ ದರ ಪೌಂಡಿಗೆ 50 ಸೆಂಟ್‌ಗಿಂತ ಕೆಳಗೆ ಕುಸಿಯಿತು; 2025ರ ಫೆಬ್ರುವರಿಯಲ್ಲಿ ಅದೇ ದರ 4 ಡಾಲರ್ ದಾಟಿತು.

ಅರೇಬಿಕಾಕ್ಕೆ ನ್ಯೂಯಾರ್ಕ್, ರೋಬಸ್ಟಾಕ್ಕೆ ಲಂಡನ್ ವಾಯಿದೆ ಮಾರುಕಟ್ಟೆ ಆಧಾರ. ಲಂಡನ್ನಿನ ಒಂದು ರೋಬಸ್ಟಾ ಒಪ್ಪಂದ 10 ಟನ್. ಬೆಳೆಗಾರರ ಲೆಕ್ಕದಲ್ಲಿ ಹೇಳುವುದಾದರೆ 50 ಕೆ.ಜಿ.ಯ 200 ಚೀಲ. ಇದು ಸಂಸ್ಕರಿಸಿದ ಬೀಜದ ತೂಕ. ಒಣಗಿಸಿದ ಚೆರಿಯ 200 ಚೀಲದಿಂದ ಇಷ್ಟು ಬೀಜ ಬರುವುದಿಲ್ಲ ಎಂಬುದು ಔಟ್‌ಟರ್ನ್ ನೋಡಿದವರಿಗೆಲ್ಲ ತಿಳಿದ ವಿಷಯ. 200 ಚೀಲ ಬೀಜವನ್ನು ಗೋದಾಮಿನಲ್ಲಿ ಇಟ್ಟುಕೊಂಡಿರುವ ರಫ್ತುದಾರನು ಬೆಲೆ ಕುಸಿಯುವ ಭಯದಿಂದ ಲಂಡನ್ನಿನಲ್ಲಿ ಒಂದು ಒಪ್ಪಂದವನ್ನು ಮಾರುತ್ತಾನೆ ಎನ್ನೋಣ. ಬೆಲೆ ಟನ್ನಿಗೆ 500 ಡಾಲರ್ ಇಳಿದರೆ ಗೋದಾಮಿನ ಸರಕಿನಲ್ಲಿ 5,000 ಡಾಲರ್ ನಷ್ಟ, ಒಪ್ಪಂದದಲ್ಲಿ 5,000 ಡಾಲರ್ ಲಾಭ. ಬೆಲೆ ಏರಿದರೆ ಇದು ತಿರುವುಮುರುವು. ಎರಡು ತಟ್ಟೆಗಳೂ ಸಮವಾಗಿ ತೂಗುವುದರಿಂದ ಅವನು ನೆಮ್ಮದಿಯಾಗಿರುತ್ತಾನೆ.

ಲೆಕ್ಕದ ದೃಷ್ಟಿಯಿಂದ ಈ ಒಪ್ಪಂದಕ್ಕೂ ಅದಿತಿಯವರ ಸ್ಥಾನವನ್ನು ಮಾರಿದವನ ಬಾಜಿಗೂ ವ್ಯತ್ಯಾಸವಿಲ್ಲ. ಎರಡರಲ್ಲಿಯೂ ಒಂದು ದರ, ಒಂದು ಅಂತಿಮ ಅಂಕಿ, ಅವುಗಳ ಅಂತರವನ್ನು ಗುಣಿಸಿದ ಮೊತ್ತ. ವ್ಯತ್ಯಾಸವಿರುವುದು ಇನ್ನೊಂದು ತಟ್ಟೆಯಲ್ಲಿ. ರಫ್ತುದಾರನಿಗೆ ಅಲ್ಲಿ ಕಾಫಿ ಇದೆ. ಬಾಜಿ ಕಟ್ಟಿದವನಿಗೆ ಅಲ್ಲಿ ಏನೂ ಇಲ್ಲ. ಆಟಗಾರ್ತಿ ಹಿಂದೆ ಬಿದ್ದರೆ ಅವನ ನಷ್ಟವನ್ನು ತುಂಬಿಕೊಡುವ ಬೆಳೆ ಯಾವ ತೋಟದಲ್ಲಿಯೂ ಬೆಳೆದಿರುವುದಿಲ್ಲ. ಒಪ್ಪಂದವು ಮೊದಲೇ ಇದ್ದ ಅಪಾಯವನ್ನು ಕಡಿಮೆ ಮಾಡಿದರೆ, ಬಾಜಿಯು ಇಲ್ಲದಿದ್ದ ಅಪಾಯವನ್ನು ಸೃಷ್ಟಿಸುತ್ತದೆ. ಇದೇ ತರ್ಕದಂತೆ, ಕೈಯಲ್ಲಿ ಒಂದು ಚೀಲವೂ ಇಲ್ಲದೆ 200 ಚೀಲದ ಒಪ್ಪಂದ ಮಾರುವವನು ಕಾಫಿಯ ಹೆಸರಿನಲ್ಲಿ ಬಾಜಿಯನ್ನೇ ಕಟ್ಟುತ್ತಿದ್ದಾನೆ ಎನ್ನಬೇಕಾಗುತ್ತದೆ. ಆದರೂ ಅಂಥವನು ಇರುವುದರಿಂದಲೇ ರಫ್ತುದಾರನಿಗೆ ಎದುರಾಳಿ ಸಿಗುತ್ತಾನೆ ಎಂಬ ವಾದವೂ ಉಂಟು. ಗಾಲ್ಫ್ ಬಾಜಿಗೆ ಆ ಸಮರ್ಥನೆಯೂ ದೊರೆಯುವುದಿಲ್ಲ.

ಭಾರತ ಮತ್ತು ಕರ್ನಾಟಕದಲ್ಲಿ ಕಾನೂನು

1872ರ ಭಾರತೀಯ ಕರಾರು ಕಾಯ್ದೆಯ 30ನೆಯ ಕಲಮಿನಂತೆ ಬಾಜಿಯ ಒಪ್ಪಂದಗಳು ಅನೂರ್ಜಿತ. ಗೆದ್ದವನು ಹಣಕ್ಕಾಗಿ ದಾವೆ ಹೂಡುವಂತಿಲ್ಲ. ಕುದುರೆ ಪಂದ್ಯದ ವಿಜೇತನಿಗೆ ಕೊಡುವ 500 ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಬಹುಮಾನಕ್ಕೆ ಸೇರಿಸುವ ವಂತಿಗೆಗೆ ಮಾತ್ರ ಅಲ್ಲಿ ವಿನಾಯಿತಿಯಿದೆ. ಗಾಲ್ಫ್‌ಗೆ ಅಂತಹ ವಿನಾಯಿತಿ ಇಲ್ಲ.

ಅಂತರದ ಬಾಜಿಯು ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದದ್ದು ಗೋಧಿಯ ರೂಪದಲ್ಲಿ. ಗೆರುಲಾಲ್ ಪಾರಖ್ ಮತ್ತು ಮಹಾದೇವದಾಸ್ ಮಯ್ಯ ನಡುವಿನ 1959ರ ಪ್ರಕರಣದಲ್ಲಿ, ಹಾಪುರದ ವ್ಯಾಪಾರಿಗಳೊಂದಿಗೆ ಗೋಧಿಯ ಬೆಲೆಯ ಅಂತರದ ಮೇಲೆ ವ್ಯವಹಾರ ನಡೆಸಲು ಇಬ್ಬರು ಪಾಲುದಾರಿಕೆ ಮಾಡಿಕೊಂಡಿದ್ದರು. ನಷ್ಟವಾದಾಗ ಒಬ್ಬನು ಪಾಲು ಕೊಡಲು ನಿರಾಕರಿಸಿದನು. ಬಾಜಿಯು ಅನೂರ್ಜಿತವಾದರೂ ಅದು ತನ್ನಷ್ಟಕ್ಕೆ ಕಾನೂನುಬಾಹಿರ ಉದ್ದೇಶವಲ್ಲ. ಆದ್ದರಿಂದ ಪಾಲುದಾರರ ನಡುವಿನ ಒಪ್ಪಂದ ಊರ್ಜಿತ ಎಂದು ನ್ಯಾಯಾಲಯ ತೀರ್ಪಿತ್ತಿತು. ಬಾಜಿಗೆ ಸಂಬಂಧಿಸಿದ ಭಾರತೀಯ ತೀರ್ಪುಗಳಲ್ಲಿ ಇದನ್ನು ಇಂದಿಗೂ ಉಲ್ಲೇಖಿಸುತ್ತಾರೆ.

ಅನೂರ್ಜಿತವಾಗುವುದು ಒಂದು, ಅಪರಾಧವಾಗುವುದು ಇನ್ನೊಂದು. ಬಾಜಿ ಮತ್ತು ಜೂಜು ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ರಾಜ್ಯಪಟ್ಟಿಯ 34ನೆಯ ಬಾಬು. ಕರ್ನಾಟಕದಲ್ಲಿ 1963ರ ಪೊಲೀಸ್ ಕಾಯ್ದೆಯು ಜೂಜಿನ ಅಡ್ಡೆ ನಡೆಸುವುದನ್ನೂ ಅಲ್ಲಿ ಸೇರುವುದನ್ನೂ ಶಿಕ್ಷಾರ್ಹಗೊಳಿಸಿದೆ. ಕೌಶಲದ ಆಟಗಳನ್ನು ಅದು ಹೊರಗಿಟ್ಟಿತ್ತು. 2021ರ ಅಕ್ಟೋಬರ್ 5ರಂದು ಜಾರಿಗೆ ಬಂದ ತಿದ್ದುಪಡಿಯು ಕೌಶಲದ ಆಟವೂ ಸೇರಿದಂತೆ ಅಜ್ಞಾತ ಫಲಿತಾಂಶದ ಮೇಲೆ ಹಣವನ್ನು ಅಪಾಯಕ್ಕೊಡ್ಡುವುದನ್ನೆಲ್ಲ ಜೂಜಿನ ವ್ಯಾಪ್ತಿಗೆ ತಂದಿತು. ಕರ್ನಾಟಕ ಉಚ್ಚ ನ್ಯಾಯಾಲಯವು 2022ರ ಫೆಬ್ರುವರಿ 14ರಂದು ಇದರ ಪ್ರಮುಖ ಅಂಶಗಳನ್ನು ರದ್ದುಪಡಿಸಿತು. ಆದರೆ ಆ ತೀರ್ಪು ರಕ್ಷಿಸಿದ್ದು ಕೌಶಲದ ಆಟವನ್ನು ಸ್ವತಃ ಆಡುವವರನ್ನು. ಗಾಲ್ಫ್ ಕೌಶಲದ ಆಟವೆಂಬುದರಲ್ಲಿ ಸಂದೇಹವಿಲ್ಲ. ಆ ಕೌಶಲ ಕೋಲು ಹಿಡಿದವನದು, ದೂರದಲ್ಲಿ ಕುಳಿತು ದರ ಹಿಡಿದವನದಲ್ಲ. ಕುದುರೆ ಪಂದ್ಯವನ್ನು ಕೌಶಲದ ವಿಷಯವೆಂದು ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ಹೇಳಿರುವುದನ್ನು ತೋರಿಸಿ ಇತರ ಕ್ರೀಡೆಗಳ ಬಾಜಿಗೂ ಅದನ್ನು ವಿಸ್ತರಿಸಬೇಕೆಂದು ವಾದಿಸುವವರಿದ್ದಾರೆ.

2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರದ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯು ಕೌಶಲ, ಅದೃಷ್ಟ ಎಂಬ ಭೇದವನ್ನು ಬದಿಗಿಟ್ಟು, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಇಂತಹ ಸೇವೆ ಒದಗಿಸುವವರಿಗೆ 3 ವರ್ಷಗಳವರೆಗೆ ಸೆರೆವಾಸ ಮತ್ತು 1 ಕೋಟಿ ರೂಪಾಯಿವರೆಗೆ ದಂಡ, ಜಾಹೀರಾತು ನೀಡುವವರಿಗೆ 2 ವರ್ಷಗಳವರೆಗೆ ಸೆರೆವಾಸ ಮತ್ತು 50 ಲಕ್ಷ ರೂಪಾಯಿವರೆಗೆ ದಂಡವನ್ನು ಅದು ವಿಧಿಸುತ್ತದೆ. ಆಡುವವನಿಗೆ ಶಿಕ್ಷೆಯಿಲ್ಲ. ಈ ಕಾಯ್ದೆಯನ್ನು ಪ್ರಶ್ನಿಸಿ ಕರ್ನಾಟಕವೂ ಸೇರಿದಂತೆ ಹಲವು ಉಚ್ಚ ನ್ಯಾಯಾಲಯಗಳಲ್ಲಿ ಸಲ್ಲಿಕೆಯಾದ ಅರ್ಜಿಗಳನ್ನು ಸರ್ವೋಚ್ಚ ನ್ಯಾಯಾಲಯ 2025ರ ಸೆಪ್ಟೆಂಬರ್‌ನಲ್ಲಿ ತನಗೆ ವರ್ಗಾಯಿಸಿಕೊಂಡಿತು.

ವಿದೇಶಿ ಸಂಸ್ಥೆಯೊಂದಿಗೆ ವ್ಯವಹರಿಸಿದರೆ ಅಡ್ಡಿಯಿಲ್ಲ ಎಂಬ ತಿಳಿವಳಿಕೆಯೂ ತಪ್ಪು. 2000ದ ವಿದೇಶಿ ವಿನಿಮಯ ನಿಯಮಗಳು ಲಾಟರಿ ಟಿಕೆಟ್, ಫುಟ್‌ಬಾಲ್ ಪೂಲ್, ಸ್ವೀಪ್‌ಸ್ಟೇಕ್ ಮುಂತಾದವುಗಳಿಗಾಗಿ ಹಣವನ್ನು ಹೊರದೇಶಕ್ಕೆ ಕಳುಹಿಸುವುದನ್ನು ನಿಷೇಧಿಸಿವೆ. ವಿದೇಶಿ ಸಂಸ್ಥೆ ಹಣ ಕೊಡದೆ ಹೋದರೆ 30ನೆಯ ಕಲಮಿನ ಕಾರಣದಿಂದ ಇಲ್ಲಿನ ನ್ಯಾಯಾಲಯದಲ್ಲಿ ಪರಿಹಾರವೂ ಸಿಗುವುದಿಲ್ಲ.

ಆಟಗಾರರ ಮೇಲಿನ ನಿರ್ಬಂಧ

ಹೊಡೆತಕ್ಕೊಂದು ಬೆಲೆ ಕಟ್ಟುವ ವ್ಯವಸ್ಥೆಯಲ್ಲಿ ಸೋಲದೆಯೂ ಮೋಸ ಮಾಡಬಹುದು. ಗೆಲುವಿನ ಆಸೆ ಕಳೆದುಕೊಂಡ ಆಟಗಾರನು ಕೊನೆಯ ದಿನ ಒಂದೆರಡು ಹೊಡೆತ ಹೆಚ್ಚಿಗೆ ತೆಗೆದುಕೊಂಡರೆ ಯಾರ ಗಮನಕ್ಕೂ ಬರುವುದಿಲ್ಲ. ಆದರೆ ಅವನ ಸ್ಥಾನ ಹತ್ತಾರು ಅಂಕ ಜಾರುತ್ತದೆ. ಅಮೆರಿಕದ ಪಿ.ಜಿ.ಎ. ಟೂರ್ 2018ರ ಜನವರಿಯಿಂದ ಸಮಗ್ರತಾ ಕಾರ್ಯಕ್ರಮವನ್ನು ಜಾರಿಗೆ ತಂದಿದ್ದು, ಆಟಗಾರರು ಮತ್ತು ಅವರ ಸಹಾಯಕರು ವೃತ್ತಿಪರ ಗಾಲ್ಫ್ ಮೇಲೆ ಬಾಜಿ ಕಟ್ಟುವುದನ್ನೂ ಒಳಮಾಹಿತಿಯನ್ನು ಹೊರಗೆ ಕೊಡುವುದನ್ನೂ ನಿಷೇಧಿಸಿದೆ.

ವ್ಯಸನ ಮತ್ತು ನೆರವು

ಬಾಜಿಯ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆಯು ರೋಗಗಳ ವರ್ಗೀಕರಣದಲ್ಲಿ ಸೇರಿಸಿದೆ. ಕರ್ನಾಟಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವ್ಯಸನ ಚಿಕಿತ್ಸಾ ಕೇಂದ್ರದಲ್ಲಿಯೂ, ಮೊಬೈಲ್ ಮತ್ತು ಅಂತರಜಾಲದ ಅತಿಬಳಕೆಗಾಗಿ 2014ರಲ್ಲಿ ಅಲ್ಲಿಯೇ ಆರಂಭವಾದ ಶಟ್ ಕ್ಲಿನಿಕ್‌ನಲ್ಲಿಯೂ ಇದಕ್ಕೆ ಸಲಹೆ ದೊರೆಯುತ್ತದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಊರಿನಿಂದಲಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿ ಮಾತನಾಡಬಹುದು.